ಎಲ್‌ಸ್ಟಾರ್ ತಿನ್ನಲು, ಖೌಡ್‌ರೆನೆಟ್ ತೊಕ್ಕಿಗೆ: ವಾಲ್ ನದಿಯಾಚೆಯ ಹಣ್ಣಿನ ಪಾಠ



ಯುಗಾದಿ ಊಟದಲ್ಲಿ ನಾವು ಮಾಡಿ ತಂದಿದ್ದ ಮಾವಿನಕಾಯಿ ಚಿತ್ರಾನ್ನದ ಬಗ್ಗೆ ಹಲವರು ಕೇಳಿದಿರಿ. "ಈ ನೈಮೆಗನ್ನಿನಲ್ಲಿ ಅಷ್ಟು ಒಳ್ಳೆಯ ಹುಳಿ ಮಾವಿನಕಾಯಿ ಎಲ್ಲಿ ಸಿಕ್ತು?" ಅಂತ. ಆಗ ನಕ್ಕು ಸುಮ್ಮನಾಗಿದ್ದೆ. ಈಗ ತಪ್ಪೊಪ್ಪಿಗೆ ಕೊಡುತ್ತಿದ್ದೇನೆ. ಅದು ಮಾವಿನಕಾಯಿ ಅಲ್ಲ, ಸೇಬು! ನಮ್ಮ ಊರಿನಿಂದ ಸೈಕಲ್ಲಿನಲ್ಲಿ ಹೋಗಿ ತರಬಹುದಾದ ಸೇಬು. ಆ ಸೇಬು ನಮ್ಮ ಅಡುಗೆಮನೆಗೆ ಬಂದದ್ದು ಹೇಗೆ ಎನ್ನುವುದರ ಹಿಂದೆ ಒಂದು ಕಥೆ ಇದೆ, ಅದರಲ್ಲಿ ನನ್ನದೇ ಒಂದು ತಪ್ಪೂ ಇದೆ. ಸಂಪಾದಕರು "ಬರೆದು ಕೊಡಿ" ಎಂದು ಬೆನ್ನುಹತ್ತಿದ್ದರಿಂದ ಬರೆಯುತ್ತಿದ್ದೇನೆ. ನಾನು ತೋಟಗಾರಿಕೆ ಓದಿದವನಲ್ಲ, ಕೋಡ್ ಬರೆಯುವವನು. ಆದ್ದರಿಂದ ಉಪಮೆಗಳು ಸ್ವಲ್ಪ ಆ ಕಡೆಯವೇ ಆಗಿರುತ್ತವೆ, ಸಹಿಸಿಕೊಳ್ಳಿ.

ಮೊದಲು ಹೆಸರಿನ ಗೊಂದಲ ಪರಿಹರಿಸಿಬಿಡೋಣ. ನಾನು ಸಾಗರದ ಕಡೆಯವನು, ನನ್ನ ಹೆಂಡತಿ ಪುತ್ತೂರಿನವಳು. ಇಲ್ಲಿಗೆ ಬಂದ ಹೊಸತರಲ್ಲಿ ಶನಿವಾರದ ಸಂತೆಯಲ್ಲಿ "ಪೇರ್" ಎಂದು ಬರೆದ ಬೋರ್ಡು ಓದಿ ಅವಳು ಖುಷಿಯಿಂದ "ಇಲ್ಲಿ ಪೇರಳೆ ಸಿಗ್ತದೆ" ಎಂದಳು. ಅವಳ ಪೇರಳೆ ಎಂದರೆ ನಮ್ಮ ಸೀಬೆ. ಡಚ್ಚರ ಪೇರ್ ಎಂದರೆ ಬೆಂಗಳೂರಿನವರ ಮರಸೇಬು. ಸೀಬೆಗೂ ಸೇಬಿಗೂ ಸಂಬಂಧವಿಲ್ಲ, ಮರಸೇಬಿಗೂ ಸೇಬಿಗೂ ದೂರದ ನೆಂಟಸ್ತಿಕೆ ಇದೆ. ಇದನ್ನೆಲ್ಲ ನಮ್ಮ ಮಗಳಿಗೆ ಕನ್ನಡದಲ್ಲಿ ವಿವರಿಸಲು ಹೋಗಿ ಅರ್ಧ ಗಂಟೆ ಕಳೆದದ್ದುಂಟು. ಕೊನೆಗೆ ಅವಳು "ಅಪ್ಪಾ, ನಾನು ಆಪಲ್ ಅಂತೀನಿ" ಎಂದು ಕೈಚೆಲ್ಲಿದಳು.

ನೈಮೆಗನ್ನಿನಲ್ಲಿ ಇರುವವರು ವಾಲ್ ನದಿ ದಾಟಿ ಲೆಂಟ್ ಕಡೆ ಹೋದರೆ ಬೇತುವೆ ಶುರುವಾಗುತ್ತದೆ. ಎರಡು ನದಿಗಳ ನಡುವಿನ, ಮೆಕ್ಕಲು ಮಣ್ಣಿನ ಈ ಸೀಮೆ ಡಚ್ಚರ ಹಣ್ಣಿನ ಬುಟ್ಟಿ. ಒಂದು ಕಡೆ ವಾಲ್, ಇನ್ನೊಂದು ಕಡೆ ರೈನ್; ನಮ್ಮ ರಾಯಚೂರು ದೋಆಬ್ ಇದ್ದ ಹಾಗೆ ಅಂದುಕೊಳ್ಳಿ, ಆದರೆ ಪೂರ್ತಿ ಹಸಿರು. ಏಪ್ರಿಲಿನಲ್ಲಿ ಹೂವು, ಸೆಪ್ಟೆಂಬರಿನಲ್ಲಿ ಕೊಯ್ಲು. ಟೀಲ್ ಪಟ್ಟಣದಲ್ಲಿ 1961ರಿಂದ ಸೆಪ್ಟೆಂಬರಿನಲ್ಲಿ ಹಣ್ಣು ತರಕಾರಿಗಳಿಂದಲೇ ಅಲಂಕರಿಸಿದ ರಥಗಳ ಮೆರವಣಿಗೆ ನಡೆಯುತ್ತದೆ. ಮೈಸೂರು ದಸರೆಯ ಸ್ತಬ್ಧಚಿತ್ರ ನೋಡಿ ಬೆಳೆದವರಿಗೆ ಒಮ್ಮೆಯಾದರೂ ನೋಡತಕ್ಕದ್ದು.

ಅಂಥ ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ವರ್ಷಗಟ್ಟಲೆ ಇದ್ದೂ ನಾವು ಸೂಪರ್ ಮಾರ್ಕೆಟ್ಟಿನಲ್ಲಿ ಕೆಂಪಗೆ ಹೊಳೆಯುವ ಯಾವುದೋ ಸೇಬನ್ನು ತರುತ್ತಿದ್ದೆವು. ಕಾರಣ ಸರಳ. ನಮ್ಮ ಬಾಲ್ಯದಲ್ಲಿ ಸೇಬಿಗೆ ಒಂದೇ ಹೆಸರು, ಸೇಬು. ಅದೂ ಯಾರಾದರೂ ಆಸ್ಪತ್ರೆ ಸೇರಿದಾಗ ಒಯ್ಯುವ ಹಣ್ಣು. ಮಾವಿನಹಣ್ಣಾದರೆ ಬಾದಾಮಿ, ರಸಪುರಿ, ಮಲ್ಲಿಕಾ, ಸಕ್ಕರೆಗುತ್ತಿ, ಗಿಣಿಮೂತಿ ಅಂತ ಕಣ್ಣು ಮುಚ್ಚಿ ವಾಸನೆಯಲ್ಲೇ ಹೇಳುತ್ತಿದ್ದೆವು. ಗಿಣಿಮೂತಿಯಲ್ಲಿ ಯಾರಾದರೂ ಸೀಕರಣೆ ಮಾಡುತ್ತಾರೆಯೇ? ರಸಪುರಿಯನ್ನು ಯಾರಾದರೂ ಉಪ್ಪು ಖಾರ ಹಚ್ಚಿ ಹೋಳು ಮಾಡಿ ತಿನ್ನುತ್ತಾರೆಯೇ? ಡಚ್ಚರಿಗೆ ಸೇಬಿನಲ್ಲಿ ಇಷ್ಟೇ ಸ್ಪಷ್ಟವಾದ ಜ್ಞಾನ ಇದೆ. ನಾನು ಆಫೀಸಿಗೆ ಎಲ್‌ಸ್ಟಾರ್‌ನಲ್ಲಿ ಮಾಡಿದ ಸೇಬಿನ ಕೇಕ್ ಒಯ್ದಾಗ ಪಕ್ಕದ ಮೇಜಿನ ಸಹೋದ್ಯೋಗಿ ಒಂದು ಚೂರು ತಿಂದು, ಬಹಳ ಸಂಕೋಚದಿಂದ, "ಚೆನ್ನಾಗಿದೆ. ಆದರೆ ಇದಕ್ಕೆ ಖೌಡ್‌ರೆನೆಟ್ ಹಾಕಬೇಕಿತ್ತು" ಎಂದ. ನಾನು ಸೇಬಿನ ತಳಿಯ ಬಗ್ಗೆ ಕೇಳಿದ ಮೊದಲ ಪಾಠ ಅದು.

ಎರಡನೆಯ ಪಾಠ ಮಗಳಿಂದ ಬಂತು.

ಇಲ್ಲಿಯ ಪ್ರಾಥಮಿಕ ಶಾಲೆಗಳಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ ಹಣ್ಣು ತಿನ್ನುವ ಬಿಡುವು ಇರುವುದು ನಿಮಗೆಲ್ಲ ಗೊತ್ತೇ ಇದೆ. ನಾನು ದಿನಾ ಸೇಬು ಹೆಚ್ಚಿ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದೆ. ಆರು ವರ್ಷದ ಮಗಳು ಅದನ್ನು ಹಾಗೆಯೇ ವಾಪಸು ತರುತ್ತಿದ್ದಳು. "ಯಾಕೆ ತಿನ್ನಲಿಲ್ಲ?" ಎಂದರೆ "ಬಾಯಿ ಚುಚ್ಚುತ್ತೆ" ಎನ್ನುತ್ತಿದ್ದಳು. ನಾನು ನಂಬಲಿಲ್ಲ. ಸೇಬು ಎಲ್ಲಾದರೂ ಚುಚ್ಚುತ್ತದೆಯೇ? ಬಿಸ್ಕೆಟ್ಟಿಗೆ ನಾಟಕ ಮಾಡುತ್ತಾಳೆ ಎಂದುಕೊಂಡೆ. ಒಂದು ದಿನ ಎದುರಿಗೆ ಕೂರಿಸಿಕೊಂಡು, ನಮ್ಮ ಕಾಲದಲ್ಲಿ ಸೇಬು ಎಷ್ಟು ಅಪರೂಪವಾಗಿತ್ತು ಎಂಬ ಭಾಷಣ ಬಿಗಿದು, ಪೂರ್ತಿ ಒಂದು ಹಣ್ಣು ತಿನ್ನಿಸಿದೆ. ಅಳುತ್ತಾ ತಿಂದಳು. ತುಟಿ ಕೆಂಪಾಗಿತ್ತು, ಅತ್ತದ್ದಕ್ಕೆ ಅಂದುಕೊಂಡೆ.

ಆ ಬೇಸಿಗೆಯಲ್ಲಿ ಅಮ್ಮ ಮೂರು ತಿಂಗಳಿಗೆ ಸಾಗರದಿಂದ ಬಂದರು. ಅಮ್ಮ ಅಡುಗೆಮನೆಗೆ ಹೊಕ್ಕರೆಂದರೆ ಇರುವುದರಲ್ಲೇ ಏನಾದರೂ ಮಾಡುವವರು. ಅನಾನಸ್ ಇಲ್ಲದ್ದಕ್ಕೆ ಸೇಬು ಹಾಕಿ ಕೇಸರಿಬಾತ್ ಮಾಡಿದರು. ಮಗಳು ಎರಡು ಸಲ ಹಾಕಿಸಿಕೊಂಡು ತಿಂದಳು. ಮಾರನೆ ದಿನ ಅದೇ ಸೇಬನ್ನು ಹೆಚ್ಚಿಕೊಟ್ಟರೆ ಮತ್ತೆ "ಚುಚ್ಚುತ್ತೆ". ಅಮ್ಮ ಸುಮ್ಮನೆ ನೋಡಿದರು. ಮತ್ತೊಂದು ದಿನ ಸೇಬಿನ ಗೊಜ್ಜು ಮಾಡಿ ಕೊಟ್ಟರು, ತಿಂದಳು. ಹಸಿ ಚೂರು ಕೊಟ್ಟರು, ತುಟಿ ಉಜ್ಜಿಕೊಂಡಳು. ರಾತ್ರಿ ನನ್ನನ್ನು ಕರೆದು ಹೇಳಿದರು: "ಬೇಯಿಸಿದ್ದು ಆಗ್ತದೆ, ಹಸೀದು ಆಗ್ತಿಲ್ಲ. ಮಗು ಸುಳ್ಳು ಹೇಳ್ತಿಲ್ಲ ಕಣೋ. ಡಾಕ್ಟರಿಗೆ ತೋರ್ಸು." ಹದಿನೈದು ವರ್ಷದಿಂದ ಬಗ್ ಹುಡುಕುವುದೇ ಹೊಟ್ಟೆಪಾಡು ಮಾಡಿಕೊಂಡ ನಾನು ಮಾಡದ ಪರೀಕ್ಷೆಯನ್ನು ಅಮ್ಮ ಒಂದು ವಾರದಲ್ಲಿ ಮಾಡಿದ್ದರು. ಒಂದನ್ನೇ ಬದಲಾಯಿಸಿ ಉಳಿದದ್ದೆಲ್ಲ ಹಾಗೇ ಇಟ್ಟು ನೋಡುವುದು, ಇನ್ನೇನು ಬೇಕು?

ನಮ್ಮ ಹೌಸ್‌ಆರ್ಟ್ಸ್ ಕೇಳಿದ ಮೊದಲ ಪ್ರಶ್ನೆಯೇ ವಿಚಿತ್ರವಾಗಿತ್ತು: "ಏಪ್ರಿಲಿನಲ್ಲಿ ಇವಳಿಗೆ ಮೂಗು ಸೋರುತ್ತದೆಯೇ?" ಸೋರುತ್ತಿತ್ತು. ನಾವು ಶೀತ ಎಂದುಕೊಂಡಿದ್ದೆವು. ಅದು ಬರ್ಚ್ ಮರದ ಪರಾಗದ ಅಲರ್ಜಿ. ಬರ್ಚ್ ಪರಾಗದಲ್ಲಿರುವ ಒಂದು ಪ್ರೋಟೀನೂ ಸೇಬಿನಲ್ಲಿರುವ ಒಂದು ಪ್ರೋಟೀನೂ ರೂಪದಲ್ಲಿ ಬಹಳ ಹತ್ತಿರ. ದೇಹದ ಕಾವಲುಗಾರ ಸೇಬನ್ನು ನೋಡಿ ಬರ್ಚ್ ಎಂದು ತಪ್ಪು ತಿಳಿಯುತ್ತಾನೆ. ಬಾಯಿ, ತುಟಿ, ಗಂಟಲು ತುರಿಸುತ್ತದೆ. ಸೇಬಿನ ಆ ಪ್ರೋಟೀನು ಬಿಸಿಗೆ ಮುರಿದುಹೋಗುತ್ತದೆ. ಅದಕ್ಕೇ ಕೇಸರಿಬಾತ್ ಪಾಸು, ಹಸಿ ಹೋಳು ಫೇಲು. ಬರ್ಚ್ ಮರ ನಮ್ಮ ಮಲೆನಾಡಿನಲ್ಲಿಲ್ಲ, ಇಲ್ಲಿ ಬೀದಿ ಬೀದಿಯಲ್ಲಿದೆ. ಊರಲ್ಲಿ ಬೆಳೆದ ನಮಗೆ ಇಂಥದ್ದೊಂದು ಇದೆ ಎಂಬ ಕಲ್ಪನೆಯೇ ಇರಲಿಲ್ಲ. ಆ ದಿನ ಮನೆಗೆ ಬಂದು ಮಗಳಿಗೆ "ಸಾರಿ ಪುಟ್ಟಾ" ಎಂದೆ. "ನಾನು ಹೇಳಿದ್ನಲ್ಲಾ" ಎಂದಳು, ಅಷ್ಟೇ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಸೇಬಿನ ಅಲರ್ಜಿಯಲ್ಲಿ ಇನ್ನೊಂದು ಬಗೆ ಇದೆ, ಅದರ ಪ್ರೋಟೀನು ಬೇಯಿಸಿದರೂ ಹೋಗುವುದಿಲ್ಲ; ದಕ್ಷಿಣ ಯುರೋಪಿನಲ್ಲಿ ಅದು ಹೆಚ್ಚು. ಆದ್ದರಿಂದ ನಿಮ್ಮ ಮಕ್ಕಳು "ಬಾಯಿ ತುರಿಸುತ್ತೆ" ಎಂದರೆ ನಮ್ಮ ಅಮ್ಮನ ಹಾಗೆ ಮನೆಯಲ್ಲೇ ಪ್ರಯೋಗ ಮಾಡಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ. ಉಸಿರಾಟಕ್ಕೆ ಕಷ್ಟ, ಗಂಟಲು ಬಾವು ಕಂಡರೆ ಕಾಯದೆ 112ಕ್ಕೆ ಫೋನ್ ಮಾಡಿ.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಯಾವ ಸೇಬು, ಎಲ್ಲಿಯದು, ಯಾವುದನ್ನು ಬೇಯಿಸಿದರೆ ಏನಾಗುತ್ತದೆ ಎಂದು ಓದಲು, ಕೊಂಡು ತರಲು, ಹಾಳುಮಾಡಲು ಶುರು ಮಾಡಿದೆ. ಅದರ ಸಾರ ಹೀಗಿದೆ.

ಸೇಬಿನ ತವರು ಯುರೋಪ್ ಅಲ್ಲ, ಮಧ್ಯ ಏಷ್ಯಾ. ಕಝಾಕಿಸ್ತಾನದ ತಿಯೆನ್ ಶಾನ್ ಬೆಟ್ಟಗಳಲ್ಲಿ ಇಂದಿಗೂ ಕಾಡು ಸೇಬಿನ ಮರಗಳಿವೆ. ವ್ಯಾಪಾರಿಗಳ ದಾರಿ ಹಿಡಿದು ಪಶ್ಚಿಮಕ್ಕೆ ಬರುತ್ತಾ ಬರುತ್ತಾ ಇಲ್ಲಿಯ ಕಾಡು ಸೇಬಿನೊಂದಿಗೆ ಬೆರೆತು ಈಗಿನ ಹಣ್ಣಾಯಿತು. ಸೇಬಿನ ವಿಶೇಷ ಏನೆಂದರೆ ಬೀಜ ಹಾಕಿದರೆ ತಾಯಿಯ ಹಾಗೆ ಮರಿ ಹುಟ್ಟುವುದಿಲ್ಲ. ಪ್ರತಿ ಬೀಜವೂ ಹೊಸ ವರ್ಷನ್, ಹಳೆಯದರ ಜೊತೆ ಕಂಪ್ಯಾಟಿಬಲ್ ಅಲ್ಲ! ನಮ್ಮ ಕಡೆಯ ಅಪ್ಪೆಮಿಡಿಯನ್ನು ಬಲ್ಲವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಶರಾವತಿ, ಅಘನಾಶಿನಿ, ವರದಾ ನದಿಗಳ ದಂಡೆಯಲ್ಲಿ ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ, ಅದಕ್ಕೇ ಮರಕ್ಕೊಂದು ಹೆಸರು. ಇಷ್ಟವಾದ ಮರವನ್ನು ಉಳಿಸಿಕೊಳ್ಳಬೇಕಾದರೆ ಕಸಿ ಕಟ್ಟಲೇಬೇಕು. ಸೇಬಿನದೂ ಅದೇ ಕಥೆ. ಅಂಗಡಿಯಲ್ಲಿ ಹೆಸರಿಟ್ಟು ಮಾರುವ ಪ್ರತಿ ಸೇಬಿನ ಹಿಂದೆ ಒಂದೇ ಒಂದು ಮೂಲ ಮರ, ಉಳಿದದ್ದೆಲ್ಲ ಕಾಪಿ-ಪೇಸ್ಟ್.

ಎಲ್‌ಸ್ಟಾರ್‌ನ ಆ ಮೂಲ ಮರ ಎಲ್ಲಿತ್ತು ಗೊತ್ತೇ? ನಮ್ಮ ಪಕ್ಕದ ಎಲ್‌ಸ್ಟ್‌ನಲ್ಲಿ! ನೈಮೆಗನ್ನಿನಿಂದ ಆರ್ನೆಮ್‌ಗೆ ಹೋಗುವ ರೈಲು ನಡುವೆ ನಿಲ್ಲುತ್ತದಲ್ಲ, ಅದೇ ಎಲ್‌ಸ್ಟ್. 1950ರ ದಶಕದಲ್ಲಿ ಆರಿ ಸ್ಖಾಪ್ ಎಂಬವರು ಗೋಲ್ಡನ್ ಡಿಲಿಷಿಯಸ್ ಮತ್ತು ಇಂಗ್ರಿಡ್ ಮಾರಿ ಎಂಬ ಎರಡು ಸೇಬುಗಳನ್ನು ಕೂಡಿಸಿ ಇದನ್ನು ಪಡೆದರು. ಊರಿನ ಹೆಸರಿಗೆ ತಮ್ಮ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ಎಲ್‌ಸ್ಟಾರ್. ಗೋಲ್ಡನ್ ಡಿಲಿಷಿಯಸ್ ಅಮೆರಿಕದ ವೆಸ್ಟ್ ವರ್ಜೀನಿಯಾದ ಹೊಲವೊಂದರಲ್ಲಿ ತಾನಾಗಿ ಹುಟ್ಟಿದ್ದು, ಇಂಗ್ರಿಡ್ ಮಾರಿ 1910ರ ಸುಮಾರಿಗೆ ಡೆನ್ಮಾರ್ಕಿನ ಒಂದು ಶಾಲೆಯ ತೋಟದಲ್ಲಿ ಕಂಡದ್ದು. ನೀಲಂ ಮತ್ತು ದಶಹರಿ ಕೂಡಿಸಿ ದೆಹಲಿಯಲ್ಲಿ ನಮ್ಮ ಮಲ್ಲಿಕಾ ಮಾಡಿದರಲ್ಲ, ಹಾಗೆ. ತಂದೆಯ ಸಿಹಿ, ತಾಯಿಯ ಹುಳಿ ಪರಿಮಳ. (ಯಾರು ತಂದೆ ಯಾರು ತಾಯಿ ಎಂದು ನನ್ನನ್ನು ಕೇಳಬೇಡಿ!) ರಸ ಜಾಸ್ತಿ, ಹುಳಿ-ಸಿಹಿ ಸಮಸಮ. ಸೆಪ್ಟೆಂಬರಿನಲ್ಲಿ ಹೊಸ ಕೊಯ್ಲಿನದನ್ನು ಹಸಿಯಾಗಿ ತಿನ್ನಬೇಕು. ಸಣ್ಣಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ, ತೆಂಗಿನ ತುರಿ, ಹಸಿಮೆಣಸು, ಸಾಸಿವೆ ಒಗ್ಗರಣೆ ಹಾಕಿದರೆ ಸೊಗಸಾದ ಕೋಸಂಬರಿ. ಕೇಸರಿಬಾತಿಗೂ ಇದೇ ಆಗಬಹುದು. ತುಪ್ಪದಲ್ಲಿ ಮೊದಲೇ ಹುರಿದು, ಮೆತ್ತಗಾದ ಮೇಲೆ ರವೆಗೆ ಸೇರಿಸಿ.

ಯೋನಾಗೋಲ್ಡ್ ನ್ಯೂಯಾರ್ಕ್ ರಾಜ್ಯದ ಜಿನೀವಾ ಸಂಶೋಧನಾ ಕೇಂದ್ರದ್ದು, 1968ರಲ್ಲಿ ಹೊರಬಂತು. ದೊಡ್ಡದು, ಸಿಹಿ ಹೆಚ್ಚು. ಹುಳಿ ಹಲ್ಲಿಗೆ ಆಗದ ಅಜ್ಜ ಅಜ್ಜಿಯರು ಬಂದಾಗ ಇದನ್ನು ತನ್ನಿ. ಅಡುಗೆಗೆ ನನಗೆ ಅಷ್ಟಕ್ಕಷ್ಟೆ.

ಇನ್ನು ನಮ್ಮ ಯುಗಾದಿಯ ನಾಯಕ, ಖೌಡ್‌ರೆನೆಟ್. ಪೂರ್ಣ ಹೆಸರು ಸ್ಖೋನೆ ವಾನ್ ಬೋಸ್ಕೋಪ್, ಅಂದರೆ ಬೋಸ್ಕೋಪಿನ ಸುಂದರಿ. 1856ರಲ್ಲಿ ಬೋಸ್ಕೋಪ್ ಎಂಬ ನರ್ಸರಿಗಳ ಊರಿನಲ್ಲಿ ಒಟ್ಟೋಲಾಂಡರ್ ಎಂಬವರಿಗೆ ಸಿಕ್ಕಿದ್ದು. ಸುಂದರಿ ಅಂತ ಯಾಕೆ ಕರೆದರೋ ದೇವರಿಗೇ ಗೊತ್ತು, ಸಿಪ್ಪೆ ಒರಟು, ಕಂದು ಮಚ್ಚೆ, ಸೊಟ್ಟ ಆಕಾರ. ಮೊದಲ ಸಲ ನೋಡಿದಾಗ ಕೊಳೆತಿದೆ ಎಂದು ಬಿಟ್ಟು ಬಂದಿದ್ದೆ. ಆದರೆ ಕಚ್ಚಿ ನೋಡಿ! ಆ ಹುಳಿಗೆ ಬಲಗಣ್ಣು ಮುಚ್ಚುತ್ತದೆ. ಬೇಯಿಸಿದರೆ ಕರಗಿ ಮುದ್ದೆಯಾಗುತ್ತದೆ, ಹುಳಿ ಮಾತ್ರ ಹೋಗುವುದಿಲ್ಲ. ಅದಕ್ಕೇ ಡಚ್ಚರು ಆಪಲ್‌ಮೂಸ್‌ಗೂ ಆಪಲ್‌ಟಾರ್ಟ್‌ಗೂ ಇದನ್ನೇ ಹಾಕುವುದು. ನನ್ನ ಸಹೋದ್ಯೋಗಿ ಹೇಳಿದ್ದು ಸರಿ ಇತ್ತು.

ಕನ್ನಡದ ಅಡುಗೆಮನೆಯಲ್ಲಿ ಇದರ ಜಾಗ ತೊಕ್ಕು. ನಾಲ್ಕು ದೊಡ್ಡ ಖೌಡ್‌ರೆನೆಟ್ ತೊಳೆದು, ಸಿಪ್ಪೆ ಸಮೇತ ತುರಿಯಿರಿ. ದಪ್ಪ ತಳದ ಬಾಣಲೆಯಲ್ಲಿ ಕಾಲು ಲೋಟ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಅರಿಸಿನ, ಕರಿಬೇವು ಹಾಕಿ. ತುರಿ ಸೇರಿಸಿ, ಒಂದೂವರೆ ಚಮಚ ಉಪ್ಪು ಹಾಕಿ ಮಧ್ಯಮ ಉರಿಯಲ್ಲಿ ಬಾಡಿಸಿ. ಇಲ್ಲಿ ಮಾವಿನಕಾಯಿಗೂ ಇದಕ್ಕೂ ವ್ಯತ್ಯಾಸ ಇದೆ: ಸೇಬು ತುಂಬಾ ನೀರು ಬಿಡುತ್ತದೆ, ಹೆದರಬೇಡಿ. ಇಪ್ಪತ್ತು ಇಪ್ಪತ್ತೈದು ನಿಮಿಷ ಮಗುಚುತ್ತಾ ಇದ್ದರೆ ನೀರು ಇಂಗಿ ಎಣ್ಣೆ ಬದಿಗೆ ಬರುತ್ತದೆ. ಆಗ ಎರಡು ಚಮಚ ಮೆಣಸಿನ ಪುಡಿ, ಹುರಿದು ಪುಡಿ ಮಾಡಿದ ಅರ್ಧ ಚಮಚ ಮೆಂತ್ಯ, ನಿಂಬೆ ಗಾತ್ರದ ಬೆಲ್ಲ. ಇನ್ನೆರಡು ನಿಮಿಷ. ಫ್ರಿಜ್ಜಿನಲ್ಲಿ ಎರಡು ಮೂರು ವಾರ ಇಟ್ಟಿದ್ದೇವೆ, ಅದಕ್ಕಿಂತ ಹೆಚ್ಚು ಉಳಿದೇ ಇಲ್ಲ.

ಚಿತ್ರಾನ್ನಕ್ಕೆ ಇದೇ ತುರಿಯನ್ನು ಒಗ್ಗರಣೆಯಲ್ಲಿ ಎರಡೇ ನಿಮಿಷ ಆಡಿಸಿ, ಅನ್ನ, ತೆಂಗಿನ ತುರಿ ಮತ್ತು ಕೊನೆಯಲ್ಲಿ ಅರ್ಧ ಹೋಳು ನಿಂಬೆರಸ. ಸೇಬಿನ ಹುಳಿಗೆ ಮಾವಿನಕಾಯಿಯ ಚುರುಕು ಇಲ್ಲ, ನಿಂಬೆ ಆ ಕೊರತೆ ತುಂಬುತ್ತದೆ. ಆದರೆ ನಮ್ಮ ಮಗಳಿಗೆ ಇದು ಆಗಲಿಲ್ಲ. ಎರಡು ನಿಮಿಷಕ್ಕೆ ತುರಿ ಪೂರ್ತಿ ಬೇಯುವುದಿಲ್ಲವಲ್ಲ, ಎರಡನೇ ತುತ್ತಿಗೆ ತುಟಿ ಉಜ್ಜಿಕೊಂಡಳು. ಈ ಸಲ ನಾನು ತಟ್ಟೆ ಎತ್ತಿಬಿಟ್ಟೆ. ಈಗ ಅವಳ ಪಾಲಿನ ಅನ್ನಕ್ಕೆ ತೊಕ್ಕು ಕಲಸುತ್ತೇವೆ.

ಮರಸೇಬಿಗೆ ಬರೋಣ. ಡಚ್ಚರ ತೋಟದ ಮರಸೇಬು ಬಹುಪಾಲು ಕಾನ್ಫರೆನ್ಸ್. ಇಂಗ್ಲೆಂಡಿನದು; 1885ರಲ್ಲಿ ಲಂಡನ್ನಿನಲ್ಲಿ ನಡೆದ ಪೇರ್ ಹಣ್ಣಿನ ಸಮ್ಮೇಳನದ ನೆನಪಿಗೆ ಆ ಹೆಸರು. ಉದ್ದ ಕುತ್ತಿಗೆ, ಕಂದು ಸಿಪ್ಪೆ. ಮೆತ್ತಗಾದರೆ ಜೇನಿನಂತೆ, ಗಟ್ಟಿ ಇದ್ದಾಗ ಸೌತೆಯಂತೆ. ನಮಗೆ ಬೇಕಾದ್ದು ಗಟ್ಟಿಯದು. ಹೋಳು ಮಾಡಿ ಹುಣಸೆರಸ, ಬೆಲ್ಲದಲ್ಲಿ ಬೇಯಿಸಿ, ಎಳ್ಳು, ಉದ್ದಿನಬೇಳೆ, ಒಣಮೆಣಸು ಹುರಿದು ತೆಂಗಿನಕಾಯಿ ಜೊತೆ ರುಬ್ಬಿ ಹಾಕಿದರೆ ಮೆಣಸ್ಕಾಯಿ. ಅನಾನಸ್ ಮೆಣಸ್ಕಾಯಿಗಿಂತ ಮೃದು. ಸೇಬಿನ ಹಾಗೆ ಮುದ್ದೆಯಾಗದೆ ಹೋಳು ಹೋಳಾಗಿಯೇ ನಿಲ್ಲುತ್ತದೆ. ಪುತ್ತೂರಿನ ಮಾವನವರು ಫೋನಿನಲ್ಲಿ ವಿವರ ಕೇಳಿ "ಪೇರಳೆಯಲ್ಲಿ ಮೆಣಸ್ಕಾಯಿಯಾ?" ಎಂದು ಗಾಬರಿಯಾದದ್ದು ಬೇರೆ ವಿಷಯ.

ಖೀಸರ್ ವಿಲ್ಡೆಮನ್ ಎಂಬ ಪುಟ್ಟ ಗಟ್ಟಿ ಪೇರ್ ಚಳಿಗಾಲದಲ್ಲಿ ಸಿಗುತ್ತದೆ. ಹಸಿ ತಿಂದರೆ ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಬಾಯಿ ಒಗರು. ಸಿಪ್ಪೆ ತೆಗೆದು, ಚಕ್ಕೆ, ಎರಡು ಏಲಕ್ಕಿ, ಬೆಲ್ಲ, ಸ್ವಲ್ಪ ನಿಂಬೆರಸ ಹಾಕಿದ ನೀರಿನಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೇಯಿಸಿ. ಬಿಳಿ ಹಣ್ಣು ತಾನಾಗಿಯೇ ಕೆಂಪಾಗುತ್ತದೆ! ಬಣ್ಣ ಹಾಕಬೇಕಾಗಿಲ್ಲ, ಒಗರು ಕೊಡುವ ಟ್ಯಾನಿನ್ನೇ ಹುಳಿ ಮತ್ತು ಬಿಸಿಗೆ ಕೆಂಪು ಬಣ್ಣವಾಗಿ ಬದಲಾಗುತ್ತದೆ. ಇಲ್ಲಿಯವರು ರೆಡ್ ವೈನ್ ಹಾಕುತ್ತಾರೆ, ನಮಗೆ ಬೇಡ. ಶಾವಿಗೆ ಪಾಯಸದ ಬಟ್ಟಲಲ್ಲಿ ಅರ್ಧ ಹೋಳು ಇಟ್ಟರೆ ಸಾಕು.

ಅಲರ್ಜಿಯವರಿಗಾಗಿ ಸಾಂತಾನಾ ಎಂಬ ಸೇಬು ಇದೆ, ಇದರ ಬಗ್ಗೆ ಎಷ್ಟು ಜನಕ್ಕೆ ಗೊತ್ತೋ ಕಾಣೆ. ನಮ್ಮಿಂದ ದೂರವಿಲ್ಲದ ವಾಖೆನಿಂಗೆನ್ನಿನಲ್ಲಿ ಎಲ್‌ಸ್ಟಾರ್ ಮತ್ತು ಪ್ರಿಸಿಲ್ಲಾ ಕೂಡಿಸಿ ಮಾಡಿದ್ದು. ಕಜ್ಜಿ ರೋಗ ತಡೆಯಲೆಂದು ತಳಿ ಮಾಡಿದರು, ಆಮೇಲೆ ಪರೀಕ್ಷಿಸಿದಾಗ ಅಲರ್ಜಿ ಇರುವ ಅನೇಕರಿಗೆ ಇದು ಕಡಿಮೆ ತೊಂದರೆ ಕೊಡುತ್ತದೆಂದು ತಿಳಿಯಿತು. ಗೋಲ್ಡನ್ ಡಿಲಿಷಿಯಸ್ ಇದಕ್ಕೆ ವಿರುದ್ಧ, ಬಹಳ ಕಾಡುವಂಥದ್ದು. ಅಂದರೆ ಸೇಬಿನ ಅಲರ್ಜಿ ಎಂದರೂ ಎಲ್ಲ ಸೇಬೂ ಒಂದೇ ಅಲ್ಲ. ಸಾಂತಾನಾ ಎಲ್ಲ ಕಡೆ ಸಿಗುವುದಿಲ್ಲ, ಬಹಳ ದಿನ ಇಡಲೂ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಸಾವಯವ ಅಂಗಡಿಗಳಲ್ಲಿ, ತೋಟದ ಬಾಗಿಲಲ್ಲಿ ಕೇಳಿ ನೋಡಿ. ತೀವ್ರ ಅಲರ್ಜಿ ಇದ್ದವರು ಡಾಕ್ಟರ ಒಪ್ಪಿಗೆ ಇಲ್ಲದೆ ಇದನ್ನೂ ಮುಟ್ಟಬೇಡಿ.

ಕೊಳ್ಳುವಾಗ ಒಂದು ಮಾತು. ಮೇ ತಿಂಗಳಲ್ಲಿ "ಡಚ್ ಎಲ್‌ಸ್ಟಾರ್" ಎಂದು ಬರೆದಿದ್ದರೆ ಅದು ಹಿಂದಿನ ಸೆಪ್ಟೆಂಬರಿನದು. ಆಮ್ಲಜನಕವನ್ನು ಗಾಳಿಯಲ್ಲಿರುವ ಶೇಕಡಾ 21ರಿಂದ 1ರ ಆಸುಪಾಸಿಗೆ ಇಳಿಸಿದ ಶೀತಲ ಕೋಣೆಯಲ್ಲಿ ಹಣ್ಣನ್ನು ಮಲಗಿಸಿರುತ್ತಾರೆ. ಲ್ಯಾಪ್‌ಟಾಪಿನ ಸ್ಲೀಪ್ ಮೋಡ್! ಅದು ಕೆಟ್ಟದ್ದೇನಲ್ಲ, ಆದರೆ ಪರಿಮಳ ಕಡಿಮೆ, ಅಡುಗೆಗೆ ಬಳಸಿ. ಮನೆಯಲ್ಲಿ ಸೇಬನ್ನು ಬಾಳೆಹಣ್ಣಿನ ಪಕ್ಕ ಇಡಬೇಡಿ, ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಬಾಳೆ ಎರಡೇ ದಿನದಲ್ಲಿ ಕಪ್ಪಾಗುತ್ತದೆ. ಊರಿಂದ ಬಂದ ಮಾವಿನಕಾಯಿ ಹಣ್ಣಾಗದೆ ಕೂತಿದ್ದರೆ ಮಾತ್ರ ಪೇಪರಿನಲ್ಲಿ ಒಂದು ಸೇಬಿನ ಜೊತೆ ಸುತ್ತಿಡಿ.

ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬೇತುವೆಯ ಹಳ್ಳಿ ರಸ್ತೆಗಳಲ್ಲಿ ಸೈಕಲ್ ಹೊಡೆದರೆ ಮನೆಗಳ ಮುಂದೆ ಪುಟ್ಟ ಗೂಡಂಗಡಿ, ಚೀಲದಲ್ಲಿ ಹಣ್ಣು, ಪಕ್ಕದಲ್ಲೊಂದು ಹಣದ ಡಬ್ಬಿ. ಮಾರುವವರು ಇರುವುದಿಲ್ಲ. ಚಿಲ್ಲರೆ ಮರೆಯದೆ ಒಯ್ಯಿರಿ; ನಾವು ಒಮ್ಮೆ ಐವತ್ತರ ನೋಟು ಮಾತ್ರ ಹಿಡಿದು ಹೋಗಿ ಬರಿಗೈಯಲ್ಲಿ ಬಂದಿದ್ದೇವೆ.

ಈಗ ಮಗಳಿಗೆ ಎಂಟು. ಹತ್ತು ಗಂಟೆಯ ಡಬ್ಬಿಗೆ ಬಾಳೆಹಣ್ಣು ಅಥವಾ ಕಿತ್ತಳೆ, ಮಧ್ಯಾಹ್ನದ ಬ್ರೆಡ್ಡಿಗೆ ತೊಕ್ಕು. ಹೋದ ವಾರ ಅಮ್ಮನಿಗೆ ವಿಡಿಯೋದಲ್ಲಿ ತೊಕ್ಕಿನ ಬಾಟಲಿ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಎಣ್ಣೆ ಸಾಲ್ದು" ಎಂದರು. ಮೇಲೆ ಬರೆದ ಅಳತೆಯಲ್ಲಿ ಎಣ್ಣೆಯನ್ನು ಎರಡು ಚಮಚ ಹೆಚ್ಚಿಸಿಕೊಳ್ಳಿ.